ನಲವತ್ತೊಂದು ಹಲ್ಲಿಗೆ ಹತ್ತು ಹಲ್ಲು

ಮಕ್ಕಳೇ, ಮೊದಲು ಒಂದು ಪ್ರಶ್ನೆ. ಬುಲೆಟ್ 350 ಮೋಟಾರ್ ಸೈಕಲ್ ಒಂದು ಕಡೆ, ಮನೆ ಸಾಮಾನು ಸಾಗಿಸುವ ಟಾಟಾ ಏಸ್ ಇನ್ನೊಂದು ಕಡೆ. ಎರಡರಲ್ಲಿ ಯಾವುದರ ಎಂಜಿನ್‌ಗೆ ಶಕ್ತಿ ಹೆಚ್ಚು?

ಏಸ್‌ಗೆ ಅಂದಿರಾ? ಹೆಚ್ಚಿನವರು ಹಾಗೇ ಹೇಳುತ್ತಾರೆ. ಆದರೆ 2005ರಲ್ಲಿ ಟಾಟಾ ಏಸ್ ಮೊದಲು ರಸ್ತೆಗಿಳಿದಾಗ ಅದರ ಪುಟ್ಟ ಡೀಸೆಲ್ ಎಂಜಿನ್‌ಗೆ ಇದ್ದದ್ದು 16 ಅಶ್ವಶಕ್ತಿ. ಬುಲೆಟ್ 350ರದು ಸುಮಾರು 20. ಅಂದರೆ ಬುಲೆಟ್ಟೇ ಮುಂದು. ಹಾಗಿದ್ದೂ ಬೆಂಗಳೂರಿನ ವಿಜಯನಗರದಲ್ಲಿ ಮನೆ ಖಾಲಿ ಮಾಡಿ ಕೆಂಗೇರಿ ಉಪನಗರಕ್ಕೆ ಹೋಗುವವರು ಬೀರು, ಮಂಚ, ಫ್ರಿಜ್ಜು, ಗ್ರೈಂಡರ್ ಎಲ್ಲವನ್ನೂ ಏಸ್ ಮೇಲೆ ಹೇರುತ್ತಾರೆ. ಮುಕ್ಕಾಲು ಟನ್ ಭಾರ ಹೊತ್ತುಕೊಂಡು ಅದು ಮೆಲ್ಲಗೆ, ಆದರೆ ನಿಲ್ಲದೆ ಏರು ಹತ್ತಿಬಿಡುತ್ತದೆ. ಜನ ಅದನ್ನು ‘ಛೋಟಾ ಹಾಥಿ’ (ಪುಟ್ಟ ಆನೆ) ಎಂದು ಕರೆಯುವುದು ಸುಮ್ಮನೆ ಅಲ್ಲ.

16 ಅಶ್ವಶಕ್ತಿಯಲ್ಲಿ ಇದು ಹೇಗೆ ಆಗುತ್ತದೆ? ಗುಟ್ಟು ಬಾನೆಟ್ಟಿನ ಕೆಳಗಿಲ್ಲ, ಗಾಡಿಯ ಹಿಂಭಾಗದಲ್ಲಿದೆ. ನೀವು ಅದನ್ನು ನೋಡಿಯೂ ಇದ್ದೀರಿ. ನವರಂಗ್ ಸರ್ಕಲ್ಲಿನಲ್ಲೋ ನಾಯಂಡಹಳ್ಳಿಯಲ್ಲೋ ಸಿಗ್ನಲ್ ಬಿದ್ದಾಗ ಅಪ್ಪನದೋ ಅಮ್ಮನದೋ ಸ್ಕೂಟರ್ ಲಾರಿಯ ಹಿಂದೆ ನಿಲ್ಲುತ್ತದಲ್ಲ, ಆಗ ಸ್ವಲ್ಪ ಬಗ್ಗಿ ನೋಡಿ. ಹಿಂದಿನ ಎರಡು ಗಾಲಿಗಳ ನಡುವೆ ದಪ್ಪ ಕಬ್ಬಿಣದ ತೊಲೆ, ಅದೇ ಆಕ್ಸಲ್. ಅದರ ನಡುಮಧ್ಯದಲ್ಲಿ ದುಂಡಗಿನ ಉಬ್ಬು, ಮೇಲೆಲ್ಲ ಎಣ್ಣೆ ಜಿಡ್ಡು, ಅದರ ಮೇಲೆ ರಸ್ತೆಯ ಧೂಳು. ಗ್ಯಾರೇಜಿನವರು ಇದನ್ನು ‘ಹೌಸಿಂಗ್’ ಎನ್ನುತ್ತಾರೆ. ಒಳಗೆ ಎರಡು ಹಲ್ಲುಗಾಲಿಗಳ ಒಂದು ಜೋಡಿ ಇದೆ. ದೊಡ್ಡದು ‘ಕ್ರೌನ್’, ಚಿಕ್ಕದು ‘ಪಿನಿಯನ್’.

ಎಂಜಿನ್ ತಿರುಗಿಸಿದ್ದು ಗೇರ್ ಬಾಕ್ಸ್ ದಾಟಿ, ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಕ್ಕೆ ಬರುತ್ತದೆ. ಆ ಶಾಫ್ಟಿನ ತುದಿಯಲ್ಲಿ ಪಿನಿಯನ್. ಅದು ಕ್ರೌನ್‌ನ ಹಲ್ಲುಗಳನ್ನು ಒಂದೊಂದಾಗಿ ತಳ್ಳುತ್ತದೆ. ಕ್ರೌನ್ ತಿರುಗಿದರೆ ಗಾಲಿ ತಿರುಗುತ್ತದೆ. ಗಾಡಿಯ ಉದ್ದಕ್ಕೆ ಬಂದ ತಿರುಗಾಟ ಇಲ್ಲಿ ಮೂಲೆ ತಿರುಗಿ ಅಡ್ಡಕ್ಕೆ ಹೋಗುತ್ತದೆ. ಅಷ್ಟೇ ಆಗಿದ್ದರೆ ಎರಡೂ ಗೇರು ಒಂದೇ ಅಳತೆ ಇರಬಹುದಿತ್ತು. ಒಂದು ಚಿಕ್ಕದು, ಒಂದು ದೊಡ್ಡದು ಯಾಕೆ?

ಎಣಿಸೋಣ. ಪಿನಿಯನ್‌ಗೆ 10 ಹಲ್ಲು, ಕ್ರೌನ್‌ಗೆ 41 ಹಲ್ಲು ಇದೆ ಅನ್ನಿ. ಪಿನಿಯನ್ ಒಂದು ಸುತ್ತು ಬಂದರೆ ಕ್ರೌನ್ ಬರೀ 10 ಹಲ್ಲು ಮುಂದೆ ಹೋಗುತ್ತದೆ. ಕ್ರೌನ್ ಪೂರ್ತಿ ಒಂದು ಸುತ್ತು ಬರಬೇಕಾದರೆ ಪಿನಿಯನ್ 4.1 ಸುತ್ತು ಹೊಡೆಯಬೇಕು. ಈ 4.1 ಅನ್ನೇ ಆಕ್ಸಲ್ ರೇಷಿಯೋ ಎನ್ನುವುದು. ಗಾಲಿಯ ವೇಗ ನಾಲ್ಕನೇ ಒಂದು ಪಾಲಿನಷ್ಟಕ್ಕೆ ಇಳಿಯಿತು. ಬದಲಿಗೆ ಸಿಕ್ಕಿದ್ದೇನು? ತಿರುಚುವ ಬಲ ನಾಲ್ಕು ಪಟ್ಟಿಗಿಂತ ಸ್ವಲ್ಪ ಹೆಚ್ಚಾಯಿತು. ಗೇರು ತನ್ನ ಜೇಬಿನಿಂದ ಏನನ್ನೂ ಕೊಡುವುದಿಲ್ಲ. ವೇಗ ತೆಗೆದುಕೊಂಡು ಬಲ ಕೊಡುತ್ತದೆ, ಬಲ ತೆಗೆದುಕೊಂಡು ವೇಗ ಕೊಡುತ್ತದೆ. ಈ ವ್ಯಾಪಾರದಲ್ಲಿ ಹಲ್ಲುಗಳ ಉಜ್ಜಾಟಕ್ಕೆಂದು ಒಂದಿಷ್ಟು ದಲ್ಲಾಳಿ ಕಮಿಷನ್ ಬೇರೆ ಹೋಗುತ್ತದೆ. ಗಾಡಿ ಓಡಿ ಬಂದಾಗ ಹೌಸಿಂಗ್ ಬಿಸಿಯಾಗಿರುತ್ತದಲ್ಲ, ಅದೇ ಆ ಕಮಿಷನ್.

ನಿಮ್ಮಲ್ಲಿ ಗೇರ್ ಇರುವ ಸೈಕಲ್ ಯಾರ ಹತ್ತಿರವಾದರೂ ಇದ್ದರೆ ಇದನ್ನು ಕಾಲಿನಿಂದಲೇ ತಿಳಿಯಬಹುದು. ಬಸವೇಶ್ವರನಗರದ ಅಡ್ಡರಸ್ತೆಗಳು ಸಮತಟ್ಟಲ್ಲ. ಏರಿರುವ ಒಂದನ್ನು ಹುಡುಕಿ, ಹಿಂದಿನ ಚಿಕ್ಕ ಚಕ್ರದ ಮೇಲೆ ಚೈನು ಹಾಕಿ ಹತ್ತಿ ನೋಡಿ. ಪೆಡಲ್ ಕಲ್ಲಿನಂತೆ ಕೂರುತ್ತದೆ, ನೀವು ಸೀಟಿನಿಂದ ಎದ್ದು ನಿಂತು ತುಳಿಯಬೇಕಾಗುತ್ತದೆ. ಈಗ ದೊಡ್ಡ ಚಕ್ರಕ್ಕೆ ಬದಲಿಸಿ. ಕಾಲು ಬೇಗಬೇಗ ಸುತ್ತುತ್ತದೆ, ಸೈಕಲ್ ನಿಧಾನ, ಆದರೆ ಉಸಿರು ಕಟ್ಟುವುದಿಲ್ಲ. ಕಾಲು ನಿಮ್ಮದೇ, ಊಟ ಮಾಡಿದ್ದೂ ಅದೇ ಚಿತ್ರಾನ್ನ. ಬದಲಾದದ್ದು ಹಲ್ಲಿನ ಲೆಕ್ಕ ಮಾತ್ರ. (ನಿಂತ ಸೈಕಲ್ಲಿನ ಚೈನನ್ನು ಕೈಯಿಂದ ಸುತ್ತಿ ಹಲ್ಲು ಎಣಿಸಬೇಡಿ. ಬೆರಳು ಸಿಕ್ಕಿಕೊಂಡರೆ ವಿಜ್ಞಾನ ಅಲ್ಲಿಗೇ ನಿಲ್ಲುತ್ತದೆ.)

ಹಾಗಾದರೆ ಗಾಡಿಗೆ ಗೇರ್ ಬಾಕ್ಸ್ ಇದೆಯಲ್ಲ, ಡ್ರೈವರ್ ಫಸ್ಟು, ಸೆಕೆಂಡು ಹಾಕುತ್ತಾನಲ್ಲ, ಇನ್ನೊಂದು ಜೋಡಿ ಯಾಕೆ ಎಂದು ಕೇಳಬೇಕು ನೀವು. ಗೇರ್ ಬಾಕ್ಸಿನ ಗೇರು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಹಿಂದಿನ ಕ್ರೌನ್–ಪಿನಿಯನ್ ಹಾಗಲ್ಲ, ಕಾರ್ಖಾನೆಯಲ್ಲಿ ಕೂತದ್ದು ಕೂತಹಾಗೇ. ಫಸ್ಟ್ ಗೇರಿನಲ್ಲಿದ್ದರೂ ಟಾಪ್ ಗೇರಿನಲ್ಲಿದ್ದರೂ ಅದರ ಗುಣಾಕಾರ ಇದ್ದೇ ಇರುತ್ತದೆ. ಆದ್ದರಿಂದ ಅದು ಗಾಡಿಯ ಸ್ವಭಾವವನ್ನೇ ನಿರ್ಧರಿಸುತ್ತದೆ: ಇದು ಎಳೆಯುವ ಗಾಡಿಯೋ, ಓಡುವ ಗಾಡಿಯೋ ಎಂದು.

ಒಂದು ಸುಲಭ ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1 ಕಿಲೋಮೀಟರ್, ಅಂದರೆ 1,000 ಮೀಟರ್. ಪಿಕಪ್ ಗಾಡಿಯ ಗಾಲಿ ಒಂದು ಸುತ್ತಿಗೆ 2 ಮೀಟರ್ ಉರುಳುತ್ತದೆ ಎಂದಿಟ್ಟುಕೊಳ್ಳಿ. ಆಗ ನಿಮಿಷಕ್ಕೆ 500 ಸುತ್ತು. ಗೇರ್ ಬಾಕ್ಸ್ ಏನೂ ಹೆಚ್ಚುಕಡಿಮೆ ಮಾಡದೆ ನೇರವಾಗಿ ದಾಟಿಸುವ ಗೇರಿನಲ್ಲಿ ಇದೆ ಎಂದುಕೊಂಡರೆ, ರೇಷಿಯೋ 4.10 ಇದ್ದಾಗ ಎಂಜಿನ್ ನಿಮಿಷಕ್ಕೆ 2,050 ಸುತ್ತು ಹೊಡೆಯುತ್ತಿರಬೇಕು. 3.55 ಇದ್ದರೆ 1,775 ಸಾಕು. ವ್ಯತ್ಯಾಸ 275 ಸುತ್ತು. ಮೈಸೂರಿನವರೆಗೆ ಖಾಲಿ ಗಾಡಿ ಓಡಿಸುವವನಿಗೆ ಆ 275 ಸುತ್ತು ದಂಡ. ಎಂಜಿನ್ ಕೂಗುತ್ತದೆ, ಡೀಸೆಲ್ ಕುಡಿಯುತ್ತದೆ. ಹಿಂದೆ ಟ್ರೇಲರ್ ಕಟ್ಟಿಕೊಂಡವನಿಗೆ ಅದೇ ಸುತ್ತುಗಳು ಬಲವಾಗಿ ಬರುತ್ತವೆ. ಹಾಗಾಗಿ ಯಾವ ರೇಷಿಯೋ ಒಳ್ಳೆಯದು ಎಂದು ಕೇಳಿದರೆ ನಾನು ತಿರುಗಿ ಕೇಳುತ್ತೇನೆ: ಗಾಡಿಯ ಹಿಂದೆ ಏನು ಕಟ್ಟುತ್ತೀರಿ?

ಕಟ್ಟಿದ್ದು ಎಷ್ಟು ಭಾರವಿದ್ದರೆ ಎಷ್ಟು ಎಳೆತ ಬೇಕು? ಇದನ್ನೂ ನೀವೇ ಲೆಕ್ಕ ಹಾಕಬಹುದು, ಕಷ್ಟವಿಲ್ಲ. ಮೈಸೂರು ರಸ್ತೆಯ ಆರಂಭದಲ್ಲಿ ಸಿರ್ಸಿ ಸರ್ಕಲ್ ಮೇಲೆ ಹಾದುಹೋಗುವ ಉದ್ದನೆಯ ಫ್ಲೈಓವರ್ ಇದೆಯಲ್ಲ, ಬಾಲಗಂಗಾಧರನಾಥ ಸ್ವಾಮೀಜಿಯವರ ಹೆಸರಿನದು. ಇಂಥ ಸೇತುವೆಯೊಂದರ ಏರು 30 ಮೀಟರ್ ಹೋದರೆ 1 ಮೀಟರ್ ಮೇಲಕ್ಕೆ ಎಂದಿಟ್ಟುಕೊಳ್ಳಿ. ಸಾಮಾನು ತುಂಬಿದ ಏಸ್, ತನ್ನ ಮೈತೂಕವೂ ಸೇರಿ, ಸುಮಾರು 1,500 ಕಿಲೋ. ಅದರ ಮೂವತ್ತನೇ ಒಂದು ಭಾಗ ಎಂದರೆ 50 ಕಿಲೋ. ಅಂದರೆ ಆ ಏರಿಗೆಂದು ಹೆಚ್ಚುವರಿಯಾಗಿ ಬೇಕಾದ ಎಳೆತ, 50 ಕಿಲೋ ಸಿಮೆಂಟ್ ಚೀಲವೊಂದನ್ನು ನೇರ ಮೇಲಕ್ಕೆತ್ತಿ ಹಿಡಿಯಲು ಬೇಕಾಗುವಷ್ಟು! ಇಷ್ಟೇನಾ ಅನ್ನಿಸುತ್ತದೆ. ಅದೇ ಗಾಡಿ 10 ಮೀಟರಿಗೆ 1 ಮೀಟರ್ ಏರುವ ಗಲ್ಲಿಗೆ ತಿರುಗಿದರೆ 150 ಕಿಲೋ ಬೇಕು, ಮೂರು ಚೀಲ. ಅಲ್ಲೇ ನಿಂತು ಮತ್ತೆ ಹೊರಡಬೇಕಾದರಂತೂ ಕ್ಲಚ್ಚಿಗೆ ಗಂಡಾಂತರ. ರೇಷಿಯೋ ಸಾಲದ ಗಾಡಿ ಏರಿನಲ್ಲಿ ಹೊರಡುವಾಗ ಡ್ರೈವರ್ ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಇರುತ್ತಾನೆ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆ ವಾಸನೆ ಗೊತ್ತಿಲ್ಲದವರು ಕಡಿಮೆ.

ಇನ್ನು ಕೆಟ್ಟು ನಿಂತ ಕಾರನ್ನು ಎಳೆದೊಯ್ಯುವ ಟೋಯಿಂಗ್ ಗಾಡಿಯನ್ನು ನೆನೆಯಿರಿ. ತನ್ನ ತೂಕ ಒಂದು, ಕಾರಿನ ತೂಕ ಒಂದು. ನಾಯಂಡಹಳ್ಳಿ, ಕೆಂಗೇರಿಯ ಕಡೆ ವೃಷಭಾವತಿ ಹರಿಯುವ ತಗ್ಗು ಇದೆ. ಮೈಸೂರು ರಸ್ತೆ ಬಹಳ ದೂರ ಆ ಹೊಳೆಯ ಪಕ್ಕಕ್ಕೇ ಸಾಗುತ್ತದೆ. ಆ ತಗ್ಗಿನಿಂದ ವಿಜಯನಗರದ ಕಡೆಗೋ ರಾಜಾಜಿನಗರದ ಕಡೆಗೋ ಬರಬೇಕಾದರೆ ಹತ್ತಲೇಬೇಕು, ಅದೂ ನಿಂತು ನಿಂತು, ಸಿಗ್ನಲ್ಲಿಗೊಮ್ಮೆ. ಇಂಥ ಗಾಡಿಗೆ ಗಂಟೆಗೆ 120 ಕಿಲೋಮೀಟರ್ ವೇಗ ಯಾತಕ್ಕೆ? ಅದಕ್ಕೆ ಬೇಕಾದದ್ದು ದೊಡ್ಡ ಸಂಖ್ಯೆಯ ರೇಷಿಯೋ.

ಈ ಆಯ್ಕೆಯ ಒಂದು ಚೆಂದದ ಕತೆ ಜೀಪಿನದು. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಓಡಿಸಿದ ವಿಲ್ಲಿಸ್ ಜೀಪಿನ ಆಕ್ಸಲ್‌ನಲ್ಲಿ ಕ್ರೌನ್‌ಗೆ 39 ಹಲ್ಲು, ಪಿನಿಯನ್‌ಗೆ 8. ಭಾಗಿಸಿದರೆ 4.88. ಯುದ್ಧ ಮುಗಿಯಿತು, ಸೈನಿಕರು ಊರಿಗೆ ಹೋದರು, ಜೀಪು ಮಾಡುವವರಿಗೆ ಈಗ ಕೊಳ್ಳುವವರು ಬೇಕಲ್ಲ? ರೈತರಿಗೆ ಮಾರೋಣ ಎಂದು 1945ರಲ್ಲಿ ಹೊಸ ಜೀಪು ತಂದರು. ಎಂಜಿನ್ ಅದೇ ಮನೆತನದ್ದು, 60 ಅಶ್ವಶಕ್ತಿ. ಆದರೆ ನೇಗಿಲು ಎಳೆಯಬೇಕು, ಟ್ರೇಲರ್ ಎಳೆಯಬೇಕು. ಹಾಗಾಗಿ ಕ್ರೌನ್‌ಗೆ 43 ಹಲ್ಲು ಕೊಟ್ಟು ಪಿನಿಯನ್‌ನಲ್ಲಿ 8 ಹಲ್ಲನ್ನೇ ಉಳಿಸಿದರು. ಈಗ ರೇಷಿಯೋ 5.38. ನಾಲ್ಕೇ ನಾಲ್ಕು ಹಲ್ಲು ಹೆಚ್ಚಾಗಿ, ಎಳೆತ ನೂರಕ್ಕೆ ಹತ್ತರಷ್ಟು ಏರಿತು. ಮುಂದೆ ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪನ್ನೇ ಜೋಡಿಸತೊಡಗಿತು. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಾಫಿ ತೋಟಗಳಲ್ಲಿ ಗೊಬ್ಬರ, ಕಾಫಿ ಮೂಟೆ, ಆಳುಕಾಳು ಎಲ್ಲವನ್ನೂ ಹೊತ್ತು ಕೆಸರಲ್ಲಿ ಏರುವ ಹಳೆಯ ಜೀಪುಗಳನ್ನು ನೀವು ಕಂಡಿದ್ದರೆ, ಅವು ಆ ರೈತರ ಜೀಪಿನ ವಂಶದವು. ಅವುಗಳಲ್ಲಿ ಕೂತು ಬೆಂಗಳೂರಿಗೆ ಹೊರಟರೆ ಮಾತ್ರ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕು!

ಜೀಪಿನ ಕತೆ ಹಳೆಯದಾಯಿತು, ಕಣ್ಣೆದುರಿನದೇ ತೋರಿಸಿ ಎಂದರೆ ಕೆಂಗೇರಿ ರೈಲು ನಿಲ್ದಾಣಕ್ಕೆ ಬನ್ನಿ. ಪ್ಲಾಟ್‌ಫಾರ್ಮಿನ ಹಳದಿ ಗೆರೆಯ ಹಿಂದೆ ನಿಂತುಕೊಂಡು, ಬರುವ ಎಲೆಕ್ಟ್ರಿಕ್ ಎಂಜಿನ್ನಿನ ಮೈಮೇಲೆ ಬರೆದ ಅಕ್ಷರ ಓದಿ. ಮೈಸೂರು ಲೈನಿನ ಪ್ರಯಾಣಿಕರ ರೈಲುಗಳಲ್ಲಿ ‘ಡಬ್ಲ್ಯುಎಪಿ-7’ ಎಂಬ ಬರಹ ಸಿಗುತ್ತದೆ. ಗೂಡ್ಸ್ ರೈಲಿನ ಅಣ್ಣನ ಹೆಸರು ‘ಡಬ್ಲ್ಯುಎಜಿ-9’. ಡಬ್ಲ್ಯು ಎಂದರೆ ಅಗಲ ಹಳಿ, ಎ ಎಂದರೆ ಎ.ಸಿ. ವಿದ್ಯುತ್ತಿನಲ್ಲಿ ಓಡುವಂಥದ್ದು, ಪಿ ಎಂದರೆ ಪ್ಯಾಸೆಂಜರ್, ಜಿ ಎಂದರೆ ಗೂಡ್ಸ್. ಎರಡೂ ಒಂದೇ ಅಚ್ಚಿನವು. ತೂಕ ಎರಡಕ್ಕೂ 123 ಟನ್, ಒಳಗೆ ಆರಾರು ಮೋಟಾರು. ಮೊದಲು ಬಂದದ್ದು ಗೂಡ್ಸ್ ಎಂಜಿನ್. ಆಮೇಲೆ ಪ್ರಯಾಣಿಕರ ರೈಲಿಗೆ ವೇಗದ ಎಂಜಿನ್ ಬೇಕಾದಾಗ ಪಶ್ಚಿಮ ಬಂಗಾಳದ ಚಿತ್ತರಂಜನ್ ಕಾರ್ಖಾನೆಯವರು ಹೊಸದಾಗಿ ಎಲ್ಲವನ್ನೂ ಮಾಡಲು ಹೋಗಲಿಲ್ಲ. ಮುಖ್ಯವಾಗಿ ಬದಲಿಸಿದ್ದು ಗೇರಿನ ಹಲ್ಲು.

ಗೂಡ್ಸ್ ಎಂಜಿನ್ನಿನಲ್ಲಿ ಗಾಲಿಯ ಅಚ್ಚಿನ ಮೇಲೆ 77 ಹಲ್ಲಿನ ಗೇರು, ಮೋಟಾರಿನ ಪಿನಿಯನ್‌ಗೆ 15 ಹಲ್ಲು. ರೇಷಿಯೋ 5.13. ಪ್ಯಾಸೆಂಜರ್ ಎಂಜಿನ್ನಿನಲ್ಲಿ 72 ಮತ್ತು 20, ರೇಷಿಯೋ 3.6. ಫಲ ಏನಾಯಿತು ನೋಡಿ. ಗೂಡ್ಸ್ ಎಂಜಿನ್ ಹೊರಡುವಾಗಿನ ಎಳೆತ 460 ಕಿಲೋನ್ಯೂಟನ್, ವೇಗದ ಮಿತಿ ಗಂಟೆಗೆ 100 ಕಿಲೋಮೀಟರ್ ಎಂದು ಇಟ್ಟುಕೊಂಡು ಮಾಡಿದ್ದು. ಪ್ಯಾಸೆಂಜರ್ ಎಂಜಿನ್ನಿನ ಎಳೆತ 322.6 ಕಿಲೋನ್ಯೂಟನ್ನಿಗೆ ಇಳಿಯಿತು, ವೇಗ 140ಕ್ಕೆ ಏರಿತು. ಈಗ ಒಂದು ತಮಾಷೆ ಮಾಡಿ: 460ನ್ನು 5.133ರಿಂದ ಭಾಗಿಸಿ. 322.6ನ್ನು 3.6ರಿಂದ ಭಾಗಿಸಿ. ಎರಡೂ ಕಡೆ 89.6 ಬರುತ್ತದೆ! ಮೋಟಾರು ಕೊಟ್ಟಿದ್ದು ಎರಡಕ್ಕೂ ಅಷ್ಟೇ, ಮಿಕ್ಕದ್ದೆಲ್ಲ ಹಲ್ಲಿನ ಮಹಿಮೆ. ನನ್ನ ಮಟ್ಟಿಗೆ ಗೇರಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಪಠ್ಯಪುಸ್ತಕದಲ್ಲಿ ಇದನ್ನು ಯಾಕೆ ಹಾಕುವುದಿಲ್ಲವೋ!

ಎಳೆತ ಅಷ್ಟೊಂದು ಬೇಕಾಗುವುದು ಎಲ್ಲಿ ಎಂದರೆ ಘಟ್ಟದಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ರೈಲುಹಾದಿಯಲ್ಲಿ 57 ಸುರಂಗಗಳಿವೆ, ಏರು 50ಕ್ಕೆ 1. ಸಾವಿರ ಟನ್ ರೈಲು ಹತ್ತಬೇಕಾದರೆ ಏರಿಗೆಂದೇ 20 ಟನ್ ಎಳೆತ ಬೇಕು. ಅಲ್ಲಿ ಭಾರದ ರೈಲಿಗೆ ಹೆಚ್ಚುವರಿ ಎಂಜಿನ್ ಕಟ್ಟಿ ತಳ್ಳಿಸುತ್ತಾರೆ.

ಮತ್ತೆ ನಮ್ಮ ಪಿಕಪ್‌ಗೆ ಬರೋಣ. ಹಲ್ಲು ಬದಲಾಯಿಸದೆಯೇ ರೇಷಿಯೋ ಕೆಡಿಸಿಕೊಳ್ಳುವ ಒಂದು ವಿಧಾನ ಇದೆ. ಅದು ಈಗ ಫ್ಯಾಷನ್. ಗಾಡಿ ಎತ್ತರವಾಗಿ, ಗತ್ತಾಗಿ ಕಾಣಲಿ ಎಂದು ದೊಡ್ಡ ಟೈರು ಹಾಕಿಸುವುದು. ಸುತ್ತಿಗೆ 2 ಮೀಟರ್ ಉರುಳುತ್ತಿದ್ದ ಗಾಲಿ ಈಗ 2.2 ಮೀಟರ್ ಉರುಳುತ್ತದೆ ಅನ್ನಿ. ಒಳಗೆ ಇರುವುದು ಹಳೆಯ 4.10. ಆದರೆ ಗಾಡಿ ನಡೆದುಕೊಳ್ಳುವುದು 4.10ನ್ನು 1.1ರಿಂದ ಭಾಗಿಸಿದಂತೆ, ಅಂದರೆ 3.73 ಇದ್ದಂತೆ. ಹತ್ತು ಹಲ್ಲಿನ ಪಿನಿಯನ್ ತೆಗೆದು ಹನ್ನೊಂದು ಹಲ್ಲಿನದು ಹಾಕಿದರೆ ಎಷ್ಟಾಗುತ್ತಿತ್ತೋ ಅಷ್ಟೇ! ದುಡ್ಡು ಕೊಟ್ಟು ಎಳೆತ ಕಳೆದುಕೊಂಡು, ಆಮೇಲೆ ‘ಗಾಡಿ ಯಾಕೋ ಎಳೀತಿಲ್ಲ’ ಎಂದು ಮೆಕ್ಯಾನಿಕ್ ಹತ್ತಿರ ಹೋಗುವವರು ಇದ್ದಾರೆ. ಒಳ್ಳೆಯ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು ಟೈರಿನ ಅಂಚಿನ ಮೇಲಿನ ನಂಬರ್ ಓದುತ್ತಾನೆ.

ನಿಜವಾಗಿಯೂ ರೇಷಿಯೋ ಬದಲಿಸಬೇಕು ಎಂದಾದರೆ? ಕೆಲಸ ನೋಡಲು ಚೆಂದ, ಮಾಡಲು ತಾಳ್ಮೆ ಬೇಕು. ಗಾಡಿಯನ್ನು ಎತ್ತಿ, ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮೊದಲು ಹೌಸಿಂಗ್‌ನ ಎಣ್ಣೆ ಬಸಿಯುತ್ತಾರೆ. ಜೇನಿನ ಹಾಗೆ ಮಂದ, ಆದರೆ ವಾಸನೆ ಕೆಟ್ಟದು, ಗಂಧಕದ್ದು. ಕ್ರೌನ್ ಮತ್ತು ಪಿನಿಯನ್‌ನ ಹಲ್ಲುಗಳು ಬರೀ ಉರುಳುವುದಿಲ್ಲ, ಒಂದರ ಮೇಲೊಂದು ಜಾರುತ್ತಲೂ ಇರುತ್ತವೆ. ಆ ಒತ್ತಡಕ್ಕೆ ಸಾಧಾರಣ ಎಣ್ಣೆಯ ಪದರ ಹರಿದುಹೋಗುತ್ತದೆ. ಗಂಧಕ ಸೇರಿದ ಎಣ್ಣೆ ಬಿಸಿಯಾದಾಗ ಲೋಹದ ಮೈಮೇಲೆ ತೆಳುವಾದ ಲೇಪ ಕಟ್ಟಿಕೊಂಡು ಹಲ್ಲನ್ನು ಕಾಯುತ್ತದೆ. ಆ ನಾತ ಹಾಗೆ ಬಂದದ್ದು. ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಲೋಹದ ಪುಡಿ ಮಿನುಗಿದರೆ ಹಳೆಯ ಜೋಡಿ ಸವೆದಿದೆ ಎಂದರ್ಥ.

ಆಮೇಲೆ ಎರಡೂ ಕಡೆಯ ಆಕ್ಸಲ್ ಶಾಫ್ಟ್ ಎಳೆದು, ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿ, ಒಳಗಿನ ಗಂಟನ್ನು ಹೊರತೆಗೆಯುತ್ತಾರೆ. ಆ ಗಂಟಿನಲ್ಲಿ ಡಿಫರೆನ್ಷಿಯಲ್ ಎಂಬ ಇನ್ನೊಂದು ಪುಟ್ಟ ಗೇರುಗಳ ಕುಟುಂಬವೂ ಇದೆ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಗಾಲಿ ಹೆಚ್ಚು ಸುತ್ತು, ಒಳಗಿನದು ಕಡಿಮೆ ಸುತ್ತು ಬರುವಂತೆ ಮಾಡುವುದು ಅದರ ಕೆಲಸ. ಅದು ಬೇರೆಯೇ ಕತೆ, ಇನ್ನೊಮ್ಮೆ ಹೇಳುತ್ತೇನೆ.

ಹೊಸ ಕ್ರೌನ್ ಒಂದು ಅಂಗಡಿಯಿಂದ, ಪಿನಿಯನ್ ಇನ್ನೊಂದು ಅಂಗಡಿಯಿಂದ ತರುವ ಹಾಗಿಲ್ಲ. ಇವು ಕಾರ್ಖಾನೆಯಲ್ಲಿ ಒಟ್ಟಿಗೇ ಉಜ್ಜಿಸಿಕೊಂಡು ಬಂದ ಜೋಡಿ. ಸಾಮಾನ್ಯವಾಗಿ ಎರಡರ ಮೇಲೂ ಒಂದೇ ನಂಬರ್ ಕೆತ್ತಿರುತ್ತದೆ. ಒಂದು ಮುರಿದರೆ ಎರಡನ್ನೂ ಬದಲಿಸಬೇಕು.

ಈಗ ಬರುತ್ತದೆ ನನಗೆ ತುಂಬ ಇಷ್ಟದ ಭಾಗ. ಜೋಡಿಯನ್ನು ಕೂರಿಸಿದ ಮೇಲೆ ಮೆಕ್ಯಾನಿಕ್ ಕ್ರೌನ್‌ನ ನಾಲ್ಕೈದು ಹಲ್ಲುಗಳಿಗೆ ಬ್ರಶ್ಶಿನಿಂದ ಬಣ್ಣ ಬಳಿಯುತ್ತಾನೆ, ನೀಲಿಯೋ ಹಳದಿಯೋ. ಆಮೇಲೆ ಕೈಯಿಂದ ಪಿನಿಯನ್ನನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾನೆ. ಪಿನಿಯನ್‌ನ ಹಲ್ಲು ತಾಗಿದ ಕಡೆ ಬಣ್ಣ ಒರೆಸಿಹೋಗಿ, ಹೊಳೆಯುವ ಉಕ್ಕು ಕಾಣುತ್ತದೆ. ಆ ಗುರುತು ಹಲ್ಲಿನ ನಡುವೆ ಬಂದಿದ್ದರೆ ಸರಿ. ತೀರಾ ತುದಿಗೆ ಬಂದಿದ್ದರೆ ಪಿನಿಯನ್ ದೂರ ಕೂತಿದೆ, ಬುಡಕ್ಕೆ ಇಳಿದಿದ್ದರೆ ಹತ್ತಿರ ಕೂತಿದೆ. ಆಗ ಮತ್ತೆ ಬಿಚ್ಚಿ, ಕಾಗದದಷ್ಟು ತೆಳುವಾದ ಲೋಹದ ಬಿಲ್ಲೆಗಳನ್ನು ಸೇರಿಸಿಯೋ ತೆಗೆದೋ ಮತ್ತೆ ಕೂರಿಸಬೇಕು. ಈ ಬಿಲ್ಲೆಗೆ ‘ಶಿಮ್’ ಎಂದು ಹೆಸರು. ಎರಡು ಹಲ್ಲಿನ ನಡುವೆ ಚೂರು ಸಡಿಲವೂ ಇರಬೇಕು. ಎಷ್ಟು? ಹಲವು ಗಾಡಿಗಳಲ್ಲಿ 0.15ರಿಂದ 0.25 ಮಿಲಿಮೀಟರ್. ಡಯಲ್ ಗೇಜ್ ಎಂಬ ಗಡಿಯಾರದಂಥ ಉಪಕರಣದ ಮುಳ್ಳು ಅದನ್ನು ತೋರಿಸುತ್ತದೆ. ಇದಕ್ಕಿಂತ ಬಿಗಿಯಾದರೆ ಬಿಸಿಯಾಗಿ ಹಿಗ್ಗಿದಾಗ ಹಲ್ಲು ಕಚ್ಚಿಕೊಳ್ಳುತ್ತದೆ. ಸಡಿಲವಾದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ‘ಟಕ್’ ಎನ್ನುತ್ತದೆ. ಗುರುತು ತಪ್ಪಿದ್ದರೆ ಹಿಂದಿನಿಂದ ‘ಗುಂಯ್’ ಎಂಬ ಸದ್ದು ಶುರು. ಗಾಡಿಯ ವೇಗದ ಜೊತೆ ಏರಿಳಿಯುವ ಆ ಸದ್ದನ್ನು ಹಳೆಯ ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರೆಲ್ಲ ಕೇಳಿರುತ್ತಾರೆ. ಅಂಥ ಬಸ್ಸುಗಳ ದೊಡ್ಡ ದುರಸ್ತಿಗೆಂದೇ ನಮ್ಮ ಕೆಂಗೇರಿಯಲ್ಲಿ ಕೆ.ಎಸ್.ಆರ್.ಟಿ.ಸಿ.ಯ ಪ್ರಾದೇಶಿಕ ಕಾರ್ಯಾಗಾರ ಇದೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ನಾಲ್ಕೂ ಗಾಲಿಗೆ ಎಂಜಿನ್ ಬಲ ಹೋಗುವ ಗಾಡಿಯಾದರೆ ಮುಂದಿನ ಆಕ್ಸಲ್ಲನ್ನೂ ಅದೇ ರೇಷಿಯೋಗೆ ತರಬೇಕು. ಇಲ್ಲವಾದರೆ ಮುಂದಿನ ಗಾಲಿ ಒಂದು ವೇಗ, ಹಿಂದಿನದು ಇನ್ನೊಂದು ವೇಗ ಎಂದು ಜಗಳವಾಡಿ ಯಾವುದಾದರೂ ಒಂದು ಮುರಿಯುತ್ತದೆ. ಸ್ಪೀಡೋಮೀಟರನ್ನೂ ನೋಡಬೇಕು. ಹಲವು ಗಾಡಿಗಳಲ್ಲಿ ಅದು ವೇಗ ಅಳೆಯುವುದು ಗೇರ್ ಬಾಕ್ಸಿನ ಹಿಂಬದಿಯಲ್ಲಿ, ಕ್ರೌನ್‌ಗಿಂತ ಮೊದಲೇ. 3.55 ತೆಗೆದು 4.10 ಹಾಕಿದ ಮೇಲೆ ಗಾಡಿ 60ರಲ್ಲಿ ಹೋಗುತ್ತಿದ್ದರೂ ಮುಳ್ಳು 69 ತೋರಿಸುತ್ತದೆ. ಸುಳ್ಳು ಹೇಳುವ ಉದ್ದೇಶ ಅದಕ್ಕಿಲ್ಲ ಪಾಪ, ಒಳಗೆ ಹಲ್ಲು ಬದಲಾದ ಸುದ್ದಿ ಅದಕ್ಕೆ ಯಾರೂ ಹೇಳಿಲ್ಲ. ಹೊಸ ಜೋಡಿಗೆ ಮೊದಲ ಕೆಲವು ನೂರು ಕಿಲೋಮೀಟರ್ ಭಾರ ಕಟ್ಟಬಾರದು. ಹಲ್ಲುಗಳು ಒಂದಕ್ಕೊಂದು ಒಗ್ಗಿಕೊಳ್ಳುವ ತನಕ ಬಿಸಿ ಹೆಚ್ಚು. ಬಳಿಕ ಎಣ್ಣೆ ಬದಲಿಸಿ ಟ್ರೇಲರ್ ಕಟ್ಟಬಹುದು.

ಇಲ್ಲಿ ಒಂದು ಲೆಕ್ಕದ ಮೇಷ್ಟ್ರ ಪ್ರಶ್ನೆ. 41ಕ್ಕೆ 10 ಯಾಕೆ? 40ಕ್ಕೆ 10 ಮಾಡಿದ್ದರೆ ರೇಷಿಯೋ ಸರಿಯಾಗಿ 4, ಲೆಕ್ಕ ಸುಲಭ. ಆದರೆ 40 ಮತ್ತು 10 ಇದ್ದರೆ ಪಿನಿಯನ್‌ನ ಒಂದು ಹಲ್ಲು ಜೀವಮಾನ ಪೂರ್ತಿ ಕ್ರೌನ್‌ನ ಅದೇ ನಾಲ್ಕು ಹಲ್ಲುಗಳನ್ನು ಮಾತ್ರ ಮುಟ್ಟುತ್ತದೆ. ಅದರಲ್ಲಿ ಒಂದಕ್ಕೆ ಚೂರು ಊನ ಇದ್ದರೆ ಸುತ್ತಿಸುತ್ತಿ ಅಲ್ಲೇ ಏಟು. 41 ಮತ್ತು 10ಕ್ಕೆ 1 ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಪಿನಿಯನ್‌ನ ಪ್ರತಿ ಹಲ್ಲೂ ಕ್ರೌನ್‌ನ 41 ಹಲ್ಲುಗಳನ್ನೂ ಸರದಿಯಲ್ಲಿ ಮುಟ್ಟಿಯೇ ಮತ್ತೆ ಮೊದಲಿನದಕ್ಕೆ ಬರುತ್ತದೆ. ಸವೆತ ಎಲ್ಲರಿಗೂ ಸಮಪಾಲು. ಶಾಲೆಯಲ್ಲಿ ಲ.ಸಾ.ಅ., ಮ.ಸಾ.ಅ. ಕಲಿಯುವಾಗ ‘ಇದು ಯಾತಕ್ಕೆ ಬರುತ್ತೆ’ ಎಂದು ಗೊಣಗಿದ್ದೀರಲ್ಲ, ಇದಕ್ಕೆ ಬರುತ್ತದೆ. ಜೀಪಿನ 39 ಮತ್ತು 8, 43 ಮತ್ತು 8 ಎರಡನ್ನೂ ಪರೀಕ್ಷಿಸಿ, ಪಾಸಾಗುತ್ತವೆ. ರೈಲಿನ 77 ಮತ್ತು 15 ಕೂಡ. ಆದರೆ 72 ಮತ್ತು 20 ಎರಡೂ 4ರಿಂದ ಭಾಗವಾಗುತ್ತವೆ! ಎಲ್ಲ ಎಂಜಿನಿಯರುಗಳೂ ಎಲ್ಲ ಸಲವೂ ಈ ಉಪಾಯವನ್ನೇ ಹಿಡಿಯುವುದಿಲ್ಲ. ಬೇಕಾದ ರೇಷಿಯೋ, ಇರುವ ಜಾಗ, ಹಲ್ಲಿನ ಗಟ್ಟಿತನ ಎಲ್ಲವನ್ನೂ ತೂಗಿ ನೋಡಬೇಕಾಗುತ್ತದೆ.

ಕ್ರೌನ್–ಪಿನಿಯನ್‌ನ ಓರೆಹಲ್ಲುಗಳನ್ನು ಕತ್ತರಿಸುವ ಯಂತ್ರದ ಹಿಂದೆ ಒಬ್ಬ ಹುಡುಗಿಯ ಹೆಸರಿದೆ. ಅಮೆರಿಕದ ರೋಚೆಸ್ಟರ್ ಎಂಬ ಊರಿನಲ್ಲಿ ವಿಲಿಯಂ ಗ್ಲೀಸನ್ ಎಂಬಾತ ಯಂತ್ರದ ಕಾರ್ಖಾನೆ ನಡೆಸುತ್ತಿದ್ದ. ಮೂಲೆ ತಿರುಗಿಸುವ ಗೇರಿನ ಹಲ್ಲು ಕೆತ್ತುವ ಯಂತ್ರವನ್ನು 1874ರಲ್ಲಿ ರೂಪಿಸಿದವನು ಆತ. ಮಗಳು ಕೇಟ್ ಹನ್ನೊಂದನೇ ವಯಸ್ಸಿಗೇ ಕಾರ್ಖಾನೆಗೆ ಬಂದು ಕೆಲಸಕ್ಕೆ ಕೂತಳು. 1884ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಲು ಸೇರಿದಳು. ಆ ವಿಭಾಗಕ್ಕೆ ಸೇರಿದ ಮೊದಲ ಹೆಣ್ಣುಮಗಳು ಅವಳೇ. ಮನೆಯ ಕಷ್ಟಕ್ಕೆ ಓದು ಬಿಟ್ಟು ವಾಪಸು ಬರಬೇಕಾಯಿತು. ಆಮೇಲೆ ಊರೂರು, ದೇಶದೇಶ ಸುತ್ತಿ ಅಪ್ಪನ ಯಂತ್ರಗಳನ್ನು ಮಾರಿದಳು. ಮೋಟಾರು ಗಾಡಿಗಳ ಕಾಲ ಬಂದಾಗ ಆ ಕಾರ್ಖಾನೆಯ ಯಂತ್ರಗಳಿಗೆ ಎಲ್ಲ ಕಡೆ ಬೇಡಿಕೆ. ಇವತ್ತಿಗೂ ಕ್ರೌನ್–ಪಿನಿಯನ್ ಮಾಡುವವರ ಬಾಯಲ್ಲಿ ಗ್ಲೀಸನ್ ಎಂಬ ಹೆಸರು ಓಡಾಡುತ್ತದೆ.

ನಮ್ಮ ಸುತ್ತಮುತ್ತಲೂ ಈ ಕೆಲಸ ನಡೆಯುತ್ತದೆ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಅದರಾಚೆಯ ಪೀಣ್ಯದಲ್ಲಿ ಲೋಹ ಕಡೆಯುವ, ಹಲ್ಲು ಕೊರೆಯುವ ಸಣ್ಣಪುಟ್ಟ ಘಟಕಗಳು ಎಷ್ಟೋ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಬಿಡದಿ. ತಟ್ಟೆ ಇಡ್ಲಿ ಮಾತ್ರ ಅಲ್ಲ, ಅಲ್ಲಿ ಟೊಯೊಟಾ ಕಾರ್ಖಾನೆಯೂ ಇದೆ. 2022ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಹೈಲಕ್ಸ್ ಪಿಕಪ್ ಅಲ್ಲಿಂದಲೇ ಹೊರಬರುತ್ತದೆ. ಪಕ್ಕದಲ್ಲೇ ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್, ಗೇರ್ ಬಾಕ್ಸ್ ಮಾಡುವ ಅದರ ಬಿಡಿಭಾಗಗಳ ಕಂಪನಿ.

ಎಲೆಕ್ಟ್ರಿಕ್ ಗಾಡಿ ಬಂದ ಮೇಲೆ ಇದೆಲ್ಲ ಹೋಗುತ್ತದೆಯೇ? ಗೇರ್ ಬದಲಿಸುವ ಕಡ್ಡಿ ಹೋಗಬಹುದು, ಹಲ್ಲು ಹೋಗುವುದಿಲ್ಲ. ಮೋಟಾರು ಎಂಜಿನ್ನಿಗಿಂತ ಬಹಳ ಬೇಗ ಸುತ್ತುತ್ತದೆ, ಗಾಲಿ ಅಷ್ಟು ಬೇಗ ಸುತ್ತುವ ಹಾಗಿಲ್ಲ. ನಡುವೆ ವೇಗ ಇಳಿಸಿ ಬಲ ಏರಿಸುವ ಒಂದು ಜೋಡಿ ಬೇಕೇ ಬೇಕು. ಕೆಂಗೇರಿಯಲ್ಲಿ ನೋಡಿದ ರೈಲಿನ ಎಂಜಿನ್ ಎಲೆಕ್ಟ್ರಿಕ್ ಅಲ್ಲವೇ?

ನನ್ನನ್ನು ಕೇಳಿದರೆ, ನಗರದೊಳಗೆ ಸಾಮಾನು ಸಾಗಿಸುವ ಹೆಚ್ಚಿನವರು ಹೌಸಿಂಗ್ ಬಿಚ್ಚಿಸುವ ಅಗತ್ಯ ಇಲ್ಲ. ಕಂಪನಿ ಹೇಳಿದ ಅಳತೆಯ ಟೈರು ಹಾಕಿ, ಗಾಳಿ ಸರಿಯಾಗಿ ಇಟ್ಟು, ಹೇಳಿದಷ್ಟೇ ಭಾರ ಹೇರಿದರೆ ಇರುವ ರೇಷಿಯೋ ಸಾಕು. ದಿನವೂ ಘಟ್ಟದಲ್ಲಿ ಟ್ರೇಲರ್ ಎಳೆಯುವವನ ಮಾತು ಬೇರೆ.

ಕೊನೆಗೆ ನಿಮಗೊಂದು ಲೆಕ್ಕ. ಒಂದು ಪಿಕಪ್‌ನಲ್ಲಿ 39 ಮತ್ತು 11 ಹಲ್ಲಿನ ಜೋಡಿ ಇತ್ತು. ಮಾಲೀಕರು ಅದನ್ನು ತೆಗೆಸಿ 41 ಮತ್ತು 9ರ ಜೋಡಿ ಹಾಕಿಸಿದರು. ಗಾಲಿ ಸುತ್ತಿಗೆ 2 ಮೀಟರ್ ಉರುಳುತ್ತದೆ, ವೇಗ ಗಂಟೆಗೆ 60, ಗೇರ್ ಬಾಕ್ಸ್ ನೇರ ಗೇರಿನಲ್ಲಿದೆ. ಮೊದಲು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಹೊಡೆಯುತ್ತಿತ್ತು, ಈಗ ಎಷ್ಟು? ಮೊದಲನೆಯದು 1,800ಕ್ಕಿಂತ ಸ್ವಲ್ಪ ಕಡಿಮೆ, ಎರಡನೆಯದು 2,300ಕ್ಕಿಂತ ಸ್ವಲ್ಪ ಕಡಿಮೆ ಬಂದರೆ ನಿಮ್ಮ ಲೆಕ್ಕ ಸರಿ.